ರಾತ್ರಿ ಎರಡು ಗಂಟೆ ಗೇಮ್ ಆಡದು ನಿಜವಾಗ್ಲೂ ಹೊತ್ತು ಹಾಳಾ? ಮನೇಲಿ ದಿನಾ ಇದೇ ಮಾತು

ಕೊಡಚಾದ್ರಿ_ಬುಡ
ಎಲ್ರಿಗೂ ನಮಸ್ಕಾರ. ಹೊಸನಗರ ತಾಲೂಕಿನವ, ಊರ ಹೆಸರು ಬೇಡ. ಬೆಂಗಳೂರಲ್ಲಿ ನಾಲ್ಕು ವರ್ಷ ಕೆಲಸ ಮಾಡಿ 2020ರ ಲಾಕ್‌ಡೌನಲ್ಲಿ ಊರಿಗೆ ಬಂದವ ಮತ್ತೆ ವಾಪಸ್ ಹೋಗ್ಲಿಲ್ಲ. ಎರಡೂವರೆ ಎಕರೆ ಅಡಿಕೆ ತೋಟ, ನಾಲ್ಕು ದನ, ಮನೇಲಿ ಅಪ್ಪಯ್ಯ ಅಮ್ಮ ಹೆಂಡ್ತಿ ನಾನು. ಬೆಳಿಗ್ಗೆ ಐದೂವರೆಗೆ ಎದ್ರೆ ರಾತ್ರಿ ಊಟದ ತನಕ ಕೂರಕ್ಕೆ ಪುರುಸೊತ್ತಿಲ್ಲ. ಊಟ ಆದ್ಮೇಲೆ ಒಂಬತ್ತರಿಂದ ಹನ್ನೊಂದು ಫೋನಲ್ಲಿ ಗೇಮ್ ಆಡ್ತೀನಿ, ನಾಲ್ಕು ಜನ ಸೇರಿ ಆಡೋ ಶೂಟಿಂಗ್ ಗೇಮ್. ಒಬ್ಬ ಬೆಂಗಳೂರು, ಒಬ್ಬ ಮಂಗಳೂರು, ಒಬ್ಬ ದುಬೈ. ನಾಲ್ಕೂ ಜನ ಶಿವಮೊಗ್ಗದಲ್ಲಿ ಓದ್ತಿದ್ದಾಗ ಒಂದೇ ರೂಮಲ್ಲಿ ಇದ್ದವ್ರು. ಕವಳ ಇಲ್ಲ, ಇಸ್ಪೀಟ್ ಇಲ್ಲ, ಪೇಟೆಗೆ ಹೋಗಿ ಕೂರದು ಇಲ್ಲ, ನಂದು ಅಂತ ಇರದು ಇದೊಂದೇ.

ಅಪ್ಪಯ್ಯಂಗೆ ಇದು ಕಂಡ್ರೆ ಆಗಲ್ಲ. "ಹೊತ್ತು ಕೊಂದು ಎಂತ ಸಿಕ್ತು ನಿಂಗೆ" ಅಂತಾರೆ. ಅವ್ರು ಸಂಜೆ ಮೂರು ಗಂಟೆ ಟೀವಿ ಮುಂದೆ ಕೂತ್ರೆ ಅದನ್ನ ಯಾರೂ ಕೇಳಲ್ಲ. ಮೊದ್ಲು ನಾನು ವಾದ ಮಾಡ್ತಿದ್ದೆ, ಈಗ ಒಂದು ವಾರದಿಂದ ನಂಗೇ ಡೌಟ್ ಶುರುವಾಗಿದೆ. ಆಟ ಅನ್ನೋದೇ ವ್ಯರ್ಥನಾ, ಇಲ್ಲ ಫೋನಲ್ಲಿ ಆಡಿದ್ರೆ ಮಾತ್ರ ವ್ಯರ್ಥನಾ? ಮನಸ್ಸಲ್ಲಿ ಇರದನ್ನ ನೇರ ಹೇಳಿ, ಬೈದ್ರೂ ಪರ್ವಾಗಿಲ್ಲ.

ಮಳೆಸಾಲು
ದಿನಪೂರ್ತಿ ದುಡಿದವ ಎರಡು ಗಂಟೆ ಆಡಿದ್ರೆ ಎಂತ ತಪ್ಪು ಮಾರಾಯ. ಆಡು.

ಹಳೇ_ದೋಟಿ
ತಮ್ಮ, ನಂಗೆ 63. ಬೇಜಾರ್ ಮಾಡ್ಕಬೇಡ, ನೇರ ಹೇಳು ಅಂದಿದಿಯ ಹೇಳ್ತೀನಿ. ದಿನಕ್ಕೆ ಎರಡು ಗಂಟೆ ಅಂದ್ರೆ ವರ್ಷಕ್ಕೆ 730 ಗಂಟೆ. ಅಷ್ಟು ಹೊತ್ತಲ್ಲಿ ತೋಟದ ಲೆಕ್ಕ ಸರಿಯಾಗಿ ಬರೆದಿಡಬಹುದು, ಕಾಳುಮೆಣಸಿನ ಕಸಿ ಕಲೀಬಹುದು, ಅಡಿಕೆ ಎಲೆಚುಕ್ಕಿ ರೋಗದ ಬಗ್ಗೆ ನಾಲ್ಕು ಜನರನ್ನ ಕೇಳಿ ತಿಳ್ಕಬಹುದು. ಆಟ ಮುಗಿದ್ಮೇಲೆ ಕೈಯಲ್ಲಿ ಎಂತ ಉಳೀತು ಅಂತ ನಿನ್ನ ಅಪ್ಪಯ್ಯ ಕೇಳದ್ರಲ್ಲಿ ತಪ್ಪಿಲ್ಲ. ನಾನೂ ಅದನ್ನೇ ಕೇಳ್ತೀನಿ.

ದುರ್ಗಿಗುಡಿ_ಹುಡುಗ
@ಹಳೇ_ದೋಟಿ ಹಿರಿಯರೇ, ರಾತ್ರಿ ಇಡೀ ಯಕ್ಷಗಾನ ನೋಡಿ ಬೆಳಿಗ್ಗೆ ಮನೆಗೆ ಬಂದಾಗ ಕೈಯಲ್ಲಿ ಎಂತ ಉಳೀತಿತ್ತು? ಮನಸ್ಸಲ್ಲಿ ಉಳಿಯದು ಲೆಕ್ಕಕ್ಕಿಲ್ವಾ? ನನ್ನ ವಿಷಯ ಹೇಳ್ತೀನಿ. 90ರ ದಶಕದಲ್ಲಿ ನಮ್ಮ ಬೀದೀಲಿ ಒಂದೇ ಒಂದು ಮನೇಲಿ ಟೀವಿಗೆ ಹಾಕೋ ವಿಡಿಯೋ ಗೇಮ್ ಇತ್ತು, ಕ್ಯಾಸೆಟ್ ಬಾಯಲ್ಲಿ ಊದಿ ಊದಿ ಹಾಕ್ತಿದ್ವಿ, ಮಾರಿಯೋ, ಕಾಂಟ್ರಾ, ಟ್ಯಾಂಕ್. ಎಂಟು ಜನಕ್ಕೆ ಎರಡೇ ಜಾಯ್‌ಸ್ಟಿಕ್, ಸತ್ತವ ಎದ್ದು ಕೊಡ್ಬೇಕು, ಅದು ನಿಯಮ. ಸರದಿ ಕಾಯದು, ಸೋತ್ರೂ ಜಗಳ ಆಡದೆ ಏಳದು ಕಲ್ತಿದ್ದು ಅಲ್ಲೇ. ಆ ಎಂಟು ಜನರಲ್ಲಿ ಐದು ಜನ ಇವತ್ತಿಗೂ ನನ್ನ ಹತ್ರದವ್ರು, ಒಬ್ಬನ ಅಪ್ಪ ತೀರ್ಕಂಡಾಗ ಎಲ್ಲಾ ಊರಿಂದ ಬಂದ್ರು. ಇದನ್ನ ಹೊತ್ತು ಹಾಳು ಅಂತ ನಾನು ಸತ್ರೂ ಒಪ್ಪಲ್ಲ.

ಭದ್ರಾವತಿ_18
ಕಾಂಟ್ರಾ ಕೋಡ್ ನಮ್ಮ ಮಾಮ ಹೇಳ್ಕೊಟ್ಟಿದಾರೆ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, 30 ಲೈಫ್!

ದುರ್ಗಿಗುಡಿ_ಹುಡುಗ
ಬೆರಳು ಮರೆತಿಲ್ಲ ತಮ್ಮ 🙂

ಹಳೇ_ದೋಟಿ
ಯಕ್ಷಗಾನ ಬೇರೆ. ಮೇಳ ನಮ್ಮೂರಿಗೆ ಬರ್ತಿದ್ದಿದ್ದೇ ವರ್ಷಕ್ಕೆ ಒಂದೋ ಎರಡೋ ಸಲ. ಮಳೆಗಾಲಕ್ಕೆ ಮೊದ್ಲು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ತಾರೆ. ಬೆಳಗಾದ್ರೆ ಮಂಗಳ ಹಾಡ್ತಾರೆ, ಚಾಪೆ ಸುತ್ಕಂಡು ಮನೆಗೆ ಬರ್ತೀವಿ. ದಿನಾ ರಾತ್ರಿ ಜೇಬಲ್ಲೇ ಮೇಳ ಇದ್ದಿದ್ರೆ ನಮ್ಮ ತೋಟ ಏನಾಗ್ತಿತ್ತು ಹೇಳು.

ಶರಾವತಿ_ಹಿನ್ನೀರು
ಈ ಮಾತಲ್ಲಿ ಹುರುಳಿದೆ ನೋಡಿ. ಮುಗಿಯೋ ಆಟಕ್ಕೂ ಮುಗಿಯದ ಆಟಕ್ಕೂ ವ್ಯತ್ಯಾಸ ಇದೆ. ಮಾರಿಯೋಗೆ ಕೊನೆ ಅಂತ ಇತ್ತು, ಎಂಟನೇ ವರ್ಲ್ಡಲ್ಲಿ ರಾಕ್ಷಸನ್ನ ಸೋಲಿಸಿದ್ರೆ ಮುಗೀತು. ಈಗಿನ ಫೋನ್ ಗೇಮಿಗೆ ಕೊನೆಯೇ ಇಲ್ಲ. ಇವತ್ತು ಲಾಗಿನ್ ಆಗ್ಲಿಲ್ಲ ಅಂದ್ರೆ ಇವತ್ತಿನ ಗಿಫ್ಟ್ ಹೋತು, ಈ ಸೀಸನ್ ಪೂರ್ತಿ ಆಡ್ಲಿಲ್ಲ ಅಂದ್ರೆ ಆ ಡ್ರೆಸ್ ಮತ್ತೆ ಸಿಗಲ್ಲ. ಆಟ ಮುಗಿಬಾರ್ದು ಅಂತಲೇ ಕೂತು ಮಾಡಿರೋ ವ್ಯವಸ್ಥೆ ಇದು. ಫ್ರೀ ಗೇಮಲ್ಲಿ ಕಂಪನಿಗೆ ದುಡ್ಡು ಬರೋದೇ ನಾವು ದಿನಾ ವಾಪಸ್ ಬಂದ್ರೆ. ನಾನು ಸಾಫ್ಟ್‌ವೇರಲ್ಲಿ ಇರದು, ಗೇಮ್ ಕಂಪನಿ ಅಲ್ಲ, ಆದ್ರೆ ನಮ್ಮ ಆಪಲ್ಲೂ ಜನ ದಿನಕ್ಕೆ ಎಷ್ಟು ಸಲ ತೆಗೀತಾರೆ ಅನ್ನೋ ಲೆಕ್ಕನೇ ಮೀಟಿಂಗಲ್ಲಿ ಮೊದ್ಲು ಬರದು.

ಸಾಗರದ_ಟೀಚರ್
ಹೈಸ್ಕೂಲಲ್ಲಿ 17 ವರ್ಷದಿಂದ ಪಾಠ ಮಾಡ್ತಿದೀನಿ. ಕಣ್ಣಾರೆ ಕಂಡಿದ್ದು ಹೇಳ್ತೀನಿ. ಕೊರೊನಾ ಟೈಮಲ್ಲಿ ಆನ್‌ಲೈನ್ ಕ್ಲಾಸ್ ಅಂತ ಮನೆ ಮನೆಗೆ ಫೋನ್ ಬಂತು. ಆಮೇಲೆ ಶಾಲೆ ಶುರುವಾಯ್ತು, ಫೋನ್ ವಾಪಸ್ ಹೋಗ್ಲಿಲ್ಲ. ಮೊದಲ್ನೇ ಪೀರಿಯಡಲ್ಲೇ ತೂಕಡಿಸೋ ಹುಡುಗ್ರು ಪ್ರತಿ ತರಗತೀಲಿ ಇದಾರೆ, ಕೇಳಿದ್ರೆ ರಾತ್ರಿ ಒಂದು ಗಂಟೆ ತನಕ ಆಡ್ತಿದ್ದೆ ಮಿಸ್ ಅಂತಾರೆ. ಆದ್ರೆ ಎಲ್ಲಾ ಗೇಮೂ ಹಾಳು ಅಂತ ನಾನು ಹೇಳಲ್ಲ. ಒಬ್ಬ ಹುಡುಗ ಇದ್ದ, ಸಮಾಜ ವಿಜ್ಞಾನ ಅಂದ್ರೆ ಓಡ್ತಿದ್ದವ. ಅವ್ನು ಸಾಮ್ರಾಜ್ಯ ಕಟ್ಟೋ ಗೇಮ್ ಆಡಿ ಆಡಿ ನದಿ ಪಕ್ಕ ಊರು ಯಾಕೆ ಹುಟ್ಟುತ್ತೆ, ಬೆಟ್ಟದ ಮೇಲೆ ಕೋಟೆ ಯಾಕೆ ಕಟ್ತಾರೆ ಅಂತ ಇಡೀ ಕ್ಲಾಸಿಗೆ ವಿವರಿಸಿದ. ಕವಲೇದುರ್ಗಕ್ಕೆ ಕರ್ಕಂಡು ಹೋದಾಗ ಬುರುಜು ನೋಡಿ ಶತ್ರು ಯಾವ ಕಡೆಯಿಂದ ಬರ್ಬೇಕು ಅಂತ ಅವ್ನೇ ತೋರ್ಸಿದ. ಅವತ್ತಿಂದ "ಗೇಮ್" ಅಂದ ತಕ್ಷಣ ಬೈಯೋದು ನಿಲ್ಸಿದೀನಿ, ಯಾವ ಗೇಮು, ಎಷ್ಟು ಗಂಟೆಗೆ ಮಲಗ್ತೀಯ, ಇವೆರಡೇ ಕೇಳ್ತೀನಿ.

ಮಳೆಸಾಲು
ಚೀನಾದಲ್ಲಿ ಮಕ್ಕಳು ಆಡಂಗೇ ಇಲ್ಲ ಅಂತೆ, ನಮ್ಮಲ್ಲೂ ಹಂಗೇ ಮಾಡ್ಬೇಕು.

ಮನಶ್ಶಾಸ್ತ್ರ_ಓದೋಳು
@ಮಳೆಸಾಲು ಪೂರ್ತಿ ಬಂದ್ ಅಲ್ಲ. 2021ರಲ್ಲಿ ಬಂದ ನಿಯಮದ ಪ್ರಕಾರ 18ರ ಒಳಗಿನವ್ರು ಆನ್‌ಲೈನ್ ಗೇಮನ್ನ ಶುಕ್ರವಾರ ಶನಿವಾರ ಭಾನುವಾರ, ಮತ್ತೆ ರಜಾ ದಿನ, ರಾತ್ರಿ ಎಂಟರಿಂದ ಒಂಬತ್ತು ಮಾತ್ರ ಆಡ್ಬಹುದು. ದಕ್ಷಿಣ ಕೊರಿಯಾದಲ್ಲಿ 2011ರಲ್ಲಿ 16ರ ಒಳಗಿನವ್ರಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರ ತನಕ ಬಂದ್ ಮಾಡಿದ್ರು, ಹತ್ತು ವರ್ಷ ನೋಡಿ 2021ರಲ್ಲಿ ಆ ಕಾನೂನು ತೆಗೆಯಕ್ಕೆ ತೀರ್ಮಾನ ಮಾಡಿದ್ರು, ಮನೆಯವ್ರೂ ಮಕ್ಕಳೂ ಕೂತು ಹೊತ್ತು ಗೊತ್ತು ಮಾಡ್ಕಳ್ಳಿ ಅಂತ ಬಿಟ್ರು.

ಮೂಲ ಪ್ರಶ್ನೆಗೆ ಬರ್ತೀನಿ. ನಾನು ಎಂಎಸ್ಸಿ ಎರಡನೇ ವರ್ಷ, ಇದೇ ವಿಷಯ ಓದ್ತಿರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಡಿಸಾರ್ಡರ್ ಅನ್ನೋದನ್ನ ಕಾಯಿಲೆಗಳ ಪಟ್ಟಿಗೆ ಒಪ್ಕಂಡಿತು, 2022ರ ಜನವರಿಯಿಂದ ಜಾರಿಗೆ ಬಂತು. ಎಲ್ಲರೂ ತಪ್ಪು ತಿಳ್ಕಳೋದು ಎಲ್ಲಿ ಅಂದ್ರೆ, ಅದ್ರಲ್ಲಿ "ದಿನಕ್ಕೆ ಇಷ್ಟು ಗಂಟೆ ದಾಟಿದ್ರೆ ಕಾಯಿಲೆ" ಅಂತ ಎಲ್ಲೂ ಇಲ್ಲ. ನಿಲ್ಲಿಸ್ಬೇಕು ಅಂದ್ರೂ ನಿಲ್ಲಿಸಕ್ಕೆ ಆಗ್ತಿಲ್ವಾ, ಊಟ ನಿದ್ದೆ ಕೆಲಸ ಸಂಬಂಧ ಎಲ್ಲದಕ್ಕಿಂತ ಆಟವೇ ಮುಂದೆ ಹೋಗಿದ್ಯಾ, ತೊಂದ್ರೆ ಆಗ್ತಿದೆ ಅಂತ ಗೊತ್ತಿದ್ದೂ ಮುಂದುವರೀತಿದ್ಯಾ, ಹಿಂಗೆ ಸಾಮಾನ್ಯವಾಗಿ 12 ತಿಂಗಳು ನಡೆದು ಬದುಕು ಕೆಟ್ಟಿದ್ಯಾ ಅಂತ ನೋಡ್ತಾರೆ. ತೋಟ ಮಾಡ್ಕಂಡು ರಾತ್ರಿ ಸ್ನೇಹಿತ್ರ ಜೊತೆ ಎರಡು ಗಂಟೆ ಆಡೋದು ಅದಕ್ಕೆ ಬರಲ್ಲ.

ಹೊಡೆದಾಡೋ ಗೇಮ್ ಆಡಿದ್ರೆ ಮಕ್ಕಳು ರೌಡಿ ಆಗ್ತಾರೆ ಅನ್ನೋದಕ್ಕೂ ಗಟ್ಟಿ ಆಧಾರ ಕಮ್ಮಿ. ಆಕ್ಸ್‌ಫರ್ಡಿನವ್ರು 2019ರಲ್ಲಿ ಬ್ರಿಟನ್ನಿನ 14-15 ವಯಸ್ಸಿನ ಸುಮಾರು 1000 ಮಕ್ಕಳನ್ನ, ಅವ್ರ ಪೋಷಕರನ್ನ ಕೇಳಿ ನೋಡಿದಾಗ ಅಂಥ ಸಂಬಂಧ ಕಾಣ್ಲಿಲ್ಲ.

ಭದ್ರಾವತಿ_18
ಅಮೆರಿಕದಲ್ಲಿ ಗೇಮ್ ಆಡೋ ಡಾಕ್ಟರುಗಳು ಆಪರೇಷನ್ ಚೆನ್ನಾಗಿ ಮಾಡ್ತಾರೆ ಅಂತ ಪ್ರೂವ್ ಆಗಿದೆ. ಮನೇಲಿ ಇದನ್ನ ತೋರ್ಸಿ ಅಣ್ಣ.

ಮನಶ್ಶಾಸ್ತ್ರ_ಓದೋಳು
@ಭದ್ರಾವತಿ_18 ಅದು 2007ರ ಅಧ್ಯಯನ, 33 ಸರ್ಜನ್ನುಗಳ ಮೇಲೆ ಮಾಡಿದ್ದು. ವಾರಕ್ಕೆ ಮೂರು ಗಂಟೆಗಿಂತ ಜಾಸ್ತಿ ಗೇಮ್ ಆಡಿದ್ದವ್ರು ತರಬೇತಿ ಪರೀಕ್ಷೆಯಲ್ಲಿ ಸುಮಾರು 37 ಶೇಕಡಾ ಕಮ್ಮಿ ತಪ್ಪು ಮಾಡಿದ್ರು. ಆದ್ರೆ ಗೇಮಿಂದ ಕೈ ಚುರುಕಾಯ್ತಾ, ಕೈ ಚುರುಕಾಗಿರೋರೇ ಗೇಮ್ ಆಡ್ತಾರಾ ಅಂತ ಅದ್ರಿಂದ ಹೇಳಕ್ಕೆ ಬರಲ್ಲ. ಮತ್ತೆ ವಾರಕ್ಕೆ ಮೂರು ಗಂಟೆ, ದಿನಕ್ಕಲ್ಲ!

ನಂಗೆ ಇಷ್ಟ ಆದ ಉದಾಹರಣೆ ಬೇರೆ ಇದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವ್ರು 2008ರಲ್ಲಿ ಫೋಲ್ಡಿಟ್ ಅಂತ ಒಂದು ಗೇಮ್ ಮಾಡಿದ್ರು, ಪ್ರೋಟೀನ್ ಹೆಂಗೆ ಮಡಚ್ಕಳ್ಳುತ್ತೆ ಅಂತ ಆಟಗಾರರೇ ತಿರುಗ್ಸಿ ತಿರುಗ್ಸಿ ಹುಡುಕ್ಬೇಕು. ಕೋತಿಗಳಿಗೆ ಏಡ್ಸಿನಂಥ ಕಾಯಿಲೆ ತರೋ ಒಂದು ವೈರಸ್ಸಿನ ಪ್ರೋಟೀನ್ ಆಕಾರ ವಿಜ್ಞಾನಿಗಳಿಗೆ ವರ್ಷಗಟ್ಟಲೆ ಸಿಕ್ಕಿರ್ಲಿಲ್ಲ, ಆಟಗಾರರು ಮೂರು ವಾರದಲ್ಲಿ ದಾರಿ ತೋರ್ಸಿದ್ರು, 2011ರಲ್ಲಿ ಅದು ಪ್ರಕಟ ಆಯ್ತು. ಅವ್ರಲ್ಲಿ ಎಷ್ಟೋ ಜನ ಬಯಾಲಜಿ ಓದಿದವ್ರೇ ಅಲ್ಲ.

ಹಳೇ_ದೋಟಿ
ಅದು ಆಟನಾ ಕೆಲಸನಾ ಮಗಳೇ? ಕೇಳಿದ್ರೆ ಕೆಲಸದಂಗೆ ಇದೆ. ಆದ್ರೆ ಚಂದ ಇದೆ.

ಹೆಸರು_ಬೇಡ_ಶಿಕಾರಿಪುರ
ಇಲ್ಲಿ ಎಲ್ರೂ ಸ್ನೇಹ, ಬುದ್ಧಿ ಅಂತ ಚಂದ ಚಂದ ಬರೀತಿದೀರ. ನನ್ನ ಭಾವನ ವಿಷಯ ಹೇಳ್ತೀನಿ. ಫೋನಲ್ಲಿ ರಮ್ಮಿ. ಮೊದ್ಲು ನೂರು ಇನ್ನೂರು, ಗೆದ್ದ ಸ್ಕ್ರೀನ್‌ಶಾಟ್ ನಮಗೆಲ್ಲ ಕಳಿಸ್ತಿದ್ರು. ಆಮೇಲೆ ಅಡಿಕೆ ಮಾರಿದ ದುಡ್ಡು, ಆಮೇಲೆ ಸೊಸೈಟಿ ಸಾಲ, ಆಮೇಲೆ ಅಕ್ಕನ ಬಳೆ. ಒಟ್ಟು ಹನ್ನೊಂದು ಲಕ್ಷದ ಮೇಲೆ. ಅಕ್ಕಂಗೆ ಗೊತ್ತಾಗಿದ್ದು ಮನೆಗೆ ಸಾಲ ಕೊಟ್ಟವ್ರು ಬಂದಾಗ. ಈಗ ಅಕ್ಕ ಮಕ್ಕಳ ಜೊತೆ ನಮ್ಮನೇಲಿ ಇದಾಳೆ. ಗೇಮ್ ಅಂದ ಕೂಡ್ಲೇ ನನಗೆ ಮೈ ಉರಿಯುತ್ತೆ.

ಶರಾವತಿ_ಹಿನ್ನೀರು
ಓದಿ ಹೊಟ್ಟೆ ತೊಳಸಿದಂಗಾಯ್ತು. ನಿಮ್ಮಕ್ಕಂಗೆ ದೇವ್ರು ಶಕ್ತಿ ಕೊಡ್ಲಿ. ಆದ್ರೆ ಒಂದು ಮಾತು, ಅದು ಜೂಜು, ಅದಕ್ಕೆ ಗೇಮ್ ಅಂತ ಹೆಸರಿಟ್ಟು ಬಣ್ಣ ಹಚ್ಚಿದ್ರು ಅಷ್ಟೇ. ನಮ್ಮ ರಾಜ್ಯದಲ್ಲಿ 2021ರಲ್ಲೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಿಷೇಧ ಮಾಡಿದ್ರು, 2022ರ ಫೆಬ್ರವರಿಯಲ್ಲಿ ಹೈಕೋರ್ಟಲ್ಲಿ ಅದು ಬಿದ್ದೋಯ್ತು. ಆಮೇಲೆ 2025ರ ಆಗಸ್ಟಲ್ಲಿ ಸಂಸತ್ತೇ ಕಾನೂನು ಪಾಸ್ ಮಾಡ್ತು. ದುಡ್ಡಿನ ಆಟ ನಡೆಸೋರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿ ತನಕ ದಂಡ, ಜಾಹೀರಾತು ಕೊಡೋರಿಗೂ ಶಿಕ್ಷೆ. ಆಡಿ ಕಳ್ಕಂಡವ್ರಿಗೆ ಶಿಕ್ಷೆ ಇಲ್ಲ. ಅದೇ ಕಾನೂನಲ್ಲಿ ಇ-ಸ್ಪೋರ್ಟ್ಸನ್ನ, ಅಂದ್ರೆ ಪಂದ್ಯದಂಗೆ ಆಡೋ ವಿಡಿಯೋ ಗೇಮನ್ನ, ಬೇರೆ ಮಾಡಿ ಪ್ರೋತ್ಸಾಹ ಕೊಡ್ಬೇಕು ಅಂತನೂ ಇದೆ.

ಹೆಸರು_ಬೇಡ_ಶಿಕಾರಿಪುರ
ಕಾನೂನು ಬಂದಿದ್ದು ಒಳ್ಳೇದೇ. ನಮ್ಮನೆಗೆ ತಡ ಆಗಿ ಬಂತು.

ಮನಶ್ಶಾಸ್ತ್ರ_ಓದೋಳು
@ಹೆಸರು_ಬೇಡ_ಶಿಕಾರಿಪುರ ನಿಮ್ಮ ಭಾವನ ಜೊತೆ ಯಾರಾದ್ರೂ ಮಾತಾಡೋರು ಇದಾರಾ? 14416 ಟೆಲಿ ಮಾನಸ್, ಕೇಂದ್ರ ಸರ್ಕಾರದ್ದು, ಫ್ರೀ, 24 ಗಂಟೆ, ಕನ್ನಡದಲ್ಲಿ ಮಾತಾಡ್ತಾರೆ. ಬೆಂಗಳೂರು ನಿಮ್ಹಾನ್ಸಲ್ಲಿ 2014ರಿಂದ ಫೋನು, ಗೇಮು, ಇಂಟರ್ನೆಟ್ಟಿನ ಚಟಕ್ಕೇ ಬೇರೆ ಕ್ಲಿನಿಕ್ ಇದೆ, ಶಟ್ ಕ್ಲಿನಿಕ್ ಅಂತ. ಅಕ್ಕನೂ ಫೋನ್ ಮಾಡ್ಬಹುದು, ಚಟ ಇರೋರೇ ಮಾಡ್ಬೇಕು ಅಂತಿಲ್ಲ.

ಹೆಸರು_ಬೇಡ_ಶಿಕಾರಿಪುರ
ನಂಬರ್ ಬರ್ಕಂಡೆ. ಥ್ಯಾಂಕ್ಸ್ ತಂಗಿ.

ಕೊಪ್ಪದ_ಹುಡುಗಿ
ಜೂಜು ಬೇರೆ ಗೇಮ್ ಬೇರೆ ಅಂತ ಅಷ್ಟು ಸಲೀಸಾಗಿ ಗೆರೆ ಎಳೆಯಕ್ಕೆ ಬರಲ್ಲ. ದುಡ್ಡು ಕೊಟ್ಟು ಪೆಟ್ಟಿಗೆ ತೆಗಿ, ಒಳಗೆ ಎಂತ ಬರುತ್ತೋ ಅದೃಷ್ಟ, ಇದು ಮಕ್ಕಳ ಗೇಮಲ್ಲೂ ಇದೆ. ಬೆಲ್ಜಿಯಮ್ಮಲ್ಲಿ 2018ರಲ್ಲೇ ಅಂಥ ಪೆಟ್ಟಿಗೆನ ಜೂಜು ಅಂತ ಹೇಳಿದ್ರು. ನಮ್ಮ ಚಿಕ್ಕಪ್ಪನ ಮಗ 13 ವರ್ಷದವ ಬಂದೂಕಿನ ಬಣ್ಣಕ್ಕೆ ಅಂತ ಅಪ್ಪನ ಯುಪಿಐನಲ್ಲಿ 6,400 ಖರ್ಚು ಮಾಡಿದ್ದ, ಪಿನ್ ನೋಡಿ ಇಟ್ಕಂಡು.

ಮಳೆಸಾಲು
ಪಬ್ಜಿ ಬ್ಯಾನ್ ಮಾಡಿದ್ದು ಇದಕ್ಕೇ ಅಲ್ವಾ?

ಭದ್ರಾವತಿ_18
ಅಲ್ಲ. 2020ರ ಸೆಪ್ಟೆಂಬರ್ 2ಕ್ಕೆ ಬ್ಯಾನ್ ಆಗಿದ್ದು ದೇಶದ ಭದ್ರತೆ, ಡೇಟಾ ಕಾರಣಕ್ಕೆ, ಚೀನಾ ಆಪುಗಳ ಜೊತೆ. 2021ರ ಜುಲೈಲಿ ಅದೇ ಗೇಮ್ ಭಾರತಕ್ಕೆ ಬಿಜಿಎಂಐ ಅನ್ನೋ ಹೆಸರಲ್ಲಿ ಬಂತು, 2022ರ ಜುಲೈಲಿ ಅದೂ ಬಂದ್, 2023ರ ಮೇನಲ್ಲಿ ವಾಪಸ್. ಅಂಥದ್ದೇ ಇನ್ನೊಂದು ಗೇಮ್ ಫ್ರೀ ಫೈರ್ ಬ್ಯಾನ್ ಆಗಿದ್ದು 2022ರ ಫೆಬ್ರವರಿ.

ನಾನೂ ಬರೀಬೇಕು ಅಂತಿದ್ದೆ. ನಂಗೆ ಇದನ್ನೇ ಕೆರಿಯರ್ ಮಾಡ್ಬೇಕು ಅಂತ ಇದೆ. 2018ರ ಜಕಾರ್ತ ಏಷ್ಯನ್ ಗೇಮ್ಸಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಪಂದ್ಯ ಇದ್ದಾಗ ತೀರ್ಥ್ ಮೆಹ್ತಾ ಭಾರತಕ್ಕೆ ಕಂಚು ತಂದ್ರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಅಧಿಕೃತ ಪದಕನೇ ಇತ್ತು. ಕೇಂದ್ರ ಸರ್ಕಾರ 2022ರ ಡಿಸೆಂಬರಲ್ಲಿ ಇ-ಸ್ಪೋರ್ಟ್ಸನ್ನ ಕ್ರೀಡಾ ಇಲಾಖೆ ಕೆಳಗೆ ತಂದಿದೆ. ಆದ್ರೂ ಮನೇಲಿ ಅರ್ಥ ಮಾಡ್ಕಳಲ್ಲ. ನವುಲೆ ಗ್ರೌಂಡಲ್ಲಿ ದಿನಾ ಐದು ಗಂಟೆ ಕ್ರಿಕೆಟ್ ಆಡೋ ಹುಡುಗಂಗೆ "ಪ್ರಾಕ್ಟೀಸ್" ಅಂತಾರೆ, ನಾನು ಆಡಿದ್ರೆ "ಹುಚ್ಚು".

ಸಾಗರದ_ಟೀಚರ್
ಮಗಾ, ನಿನ್ನ ಆಸೆನ ಕೀಳು ಮಾಡಲ್ಲ. ಆದ್ರೆ ಆ ಕ್ರಿಕೆಟ್ ಹುಡುಗನಿಗೆ ಕೋಚ್ ಇದಾರೆ, ಡಿವಿಷನ್ ಲೀಗ್ ಇದೆ, ನೀನು ಇನ್ನು ಮುಂದೆ ಹೋಗಕ್ಕಾಗಲ್ಲ ಅಂತ ಹೇಳೋರು ಇದಾರೆ. ನಿಂಗೆ ಅದನ್ನ ಹೇಳೋರು ಯಾರು? ಪಿಯು ಮುಗ್ಸಿ ಡಿಗ್ರಿಗೆ ಸೇರು, ಒಂದು ಟೂರ್ನಮೆಂಟಿಗೆ ಹೋಗಿ ನಿನ್ನ ಮಟ್ಟ ಎಲ್ಲಿದೆ ನೋಡು. ಗೇಮ್ ಮಾಡೋ ಕೆಲಸವೂ ಇದೆ, ಚಿತ್ರ ಬರೆಯೋದು, ಕೋಡ್ ಬರೆಯೋದು, ಕಥೆ ಬರೆಯೋದು. ಆಡೋದು ಒಂದೇ ದಾರಿ ಅಲ್ಲ.

ದುರ್ಗಿಗುಡಿ_ಹುಡುಗ
ಟೀಚರ್ ಹೇಳಿದ್ದು ನೂರಕ್ಕೆ ನೂರು. ಪುಣೆಯವ್ರು 2020ರಲ್ಲಿ ರಾಜಿ ಅಂತ ಒಂದು ಗೇಮ್ ತಂದ್ರು, ದುರ್ಗೆ ವರ ಕೊಟ್ಟ ಹುಡುಗಿ ತಮ್ಮನ್ನ ಹುಡುಕ್ಕಂಡು ರಾಕ್ಷಸರ ಜೊತೆ ಹೋರಾಡ್ತಾಳೆ. ಆಡ್ತಾ ಆಡ್ತಾ ನಂಗೆ ಒಂದೇ ಯೋಚ್ನೆ, ನಮ್ಮ ಬಡಗುತಿಟ್ಟು ಯಕ್ಷಗಾನದ ವೇಷ, ಚಂಡೆ, ಆಗುಂಬೆ ಮಳೆ, ಕೆಳದಿ ಚೆನ್ನಮ್ಮ, ಇಷ್ಟೆಲ್ಲ ಇಟ್ಕಂಡು ನಮ್ಮವ್ರು ಯಾಕೆ ಮಾಡಿಲ್ಲ? ಅದೂ ಕನ್ನಡದಲ್ಲಿ ಮಾತಾಡೋ ಗೇಮು!

ಮಳೆಸಾಲು
ಮೊದ್ಲು ನೆಟ್‌ವರ್ಕ್ ಕೊಡ್ಲಿ ಆಮೇಲೆ ಗೇಮ್. ನಮ್ಮಲ್ಲಿ ಮೊನ್ನೆ ಗಾಳಿಗೆ ಹಲಸಿನ ಮರ ಲೈನ್ ಮೇಲೆ ಬಿದ್ದು ನಾಲ್ಕು ದಿನ ಕರೆಂಟಿಲ್ಲ. ಟವರಿನ ಬ್ಯಾಟರಿ ಮೂರು ಗಂಟೆ ಬರುತ್ತೆ, ಆಮೇಲೆ ಗುಡ್ಡ ಹತ್ಬೇಕು.

ಕೊಪ್ಪದ_ಹುಡುಗಿ
ನಮ್ಮಲ್ಲೂ ಅದೇ ಕಥೆ. ಲೈನ್‌ಮನ್ ಅಣ್ಣಂದ್ರು ಪಾಪ ಈ ಮಳೇಲಿ ಕಂಬ ಹತ್ತದು ನೋಡಿದ್ರೆ ಬೈಯಕ್ಕೂ ಮನಸ್ಸು ಬರಲ್ಲ.

ಶರಾವತಿ_ಹಿನ್ನೀರು
ವಿಷಯಕ್ಕೆ ಬರಣ. @ಕೊಡಚಾದ್ರಿ_ಬುಡ ನೀವು ಬರೆದಿದ್ರಲ್ಲಿ ಒಂದು ಸಾಲು ತಲೇಲಿ ಉಳ್ಕಂಡಿದೆ. "ಒಂದು ವಾರದಿಂದ ನಂಗೇ ಡೌಟ್" ಅಂದ್ರಿ. ಅಷ್ಟು ವರ್ಷ ಇಲ್ದಿದ್ದು ಒಂದು ವಾರದಲ್ಲಿ ಎಂತ ಆಯ್ತು?

ಕೊಡಚಾದ್ರಿ_ಬುಡ
ಹೇಳ್ಬೇಕೋ ಬೇಡ್ವೋ ಅಂತ ಎರಡು ದಿನ ಯೋಚ್ನೆ ಮಾಡಿದೆ. ಹೇಳ್ತೀನಿ.

ಹೋದ ವಾರ ಜೋರು ಮಳೆ. ನಮ್ಮ ಗಂಗೆ ಗಬ್ಬದ ದನ, ಇವತ್ತು ನಾಳೆ ಅನ್ನೋ ಹಂಗಿದ್ಲು. ರಾತ್ರಿ ಹತ್ತೂಕಾಲಿಗೆ ಅಮ್ಮ ಬಂದು "ಗಂಗೆ ಕರು ಹಾಕ್ತಿದಾಳೆ ಬಾ ಮಾರಾಯ" ಅಂದ್ರು. ನಾವು ಮ್ಯಾಚಿನ ಕೊನೇ ಹಂತ, ಕೊನೇ ಸರ್ಕಲಲ್ಲಿ ಇದ್ವಿ, ನಾಲ್ಕೂ ಜನ ಬದುಕಿದ್ವಿ, ನೂರು ಜನರಲ್ಲಿ ಉಳಿದಿದ್ದು ಒಂಬತ್ತು ಜನ. "ಎರಡು ನಿಮಿಷ ಅಮ್ಮ" ಅಂದೆ. ಹೆಡ್‌ಫೋನ್ ಕಿವೀಲೇ ಇತ್ತು. ಮುಗ್ಸಿ ಓಡಿ ಹೋಗಿ ನೋಡ್ತೀನಿ, ಅಪ್ಪಯ್ಯ ಕೊಟ್ಟಿಗೆ ಮೆಟ್ಟಿಲ ಹತ್ರ ಕೂತಿದಾರೆ, ಟಾರ್ಚ್ ಪಕ್ಕಕ್ಕೆ ಬಿದ್ದಿದೆ. ನನ್ನ ಕಾಯದೆ ಒಬ್ರೇ ಹೊರಟಿದಾರೆ, ಅಂಗಳದ ಪಾಚಿ ಮೇಲೆ ಜಾರಿದಾರೆ. ಬಲಗೈ ಮಣಿಕಟ್ಟು ಮುರೀತು, ಆರು ವಾರ ಬ್ಯಾಂಡೇಜು. ಕರು ಚೆನ್ನಾಗಿದೆ. ಅಮ್ಮನೂ ಹೆಂಡ್ತಿಯೂ ಸೇರಿ ತೆಗೆದ್ರು.

ಆಮೇಲೆ ಫೋನ್ ತೆಗೆದು ನೋಡಿದೆ. ಅಮ್ಮ ಕರೆದಿದ್ದಕ್ಕೂ ನಾನು ಎದ್ದಿದ್ದಕ್ಕೂ ಹನ್ನೊಂದು ನಿಮಿಷ. ನಂಗೆ ಎರಡೇ ಅನ್ಸಿತ್ತು, ದೇವ್ರಾಣೆ.

ಅಪ್ಪಯ್ಯ ನೋಡಕ್ಕೆ ಬಂದವ್ರಿಗೆಲ್ಲ "ಪಾಚಿ, ಕಾಲು ಜಾರ್ತು" ಅಂತಾರೆ, ಅಷ್ಟೇ. ದಿನಾ ಬೈತಿದ್ದವ್ರು ಈಗ ಗೇಮ್ ಅನ್ನೋ ಶಬ್ದನೇ ತೆಗೀತಿಲ್ಲ. ಅವ್ರು ಬೈದಿದ್ರೆ ನಾನು ಇಲ್ಲಿ ಬಂದು ಕೇಳ್ತಿರ್ಲಿಲ್ಲ.

ಮಳೆಸಾಲು
ಅಯ್ಯೋ.

ದುರ್ಗಿಗುಡಿ_ಹುಡುಗ
ಓದಿ ಸುಮ್ನೆ ಕೂತೆ ಐದು ನಿಮಿಷ. ನಂಗೂ ಹಿಂಗೇ "ಎರಡು ನಿಮಿಷ" ಅಂದಿದ್ದು ಲೆಕ್ಕ ಇಲ್ಲ, ಏನೂ ಆಗ್ಲಿಲ್ಲ ಅಷ್ಟೇ. ಮಾರಿಯೋದಲ್ಲಿ ಆಟ ತಡೆದು ನಿಲ್ಸೋ ಪಾಜ್ ಬಟನ್ ಇತ್ತು, ಅಮ್ಮ ಕರೆದ್ರೆ ಒತ್ತಿ ಎದ್ದು ಹೋಗ್ತಿದ್ವಿ. ನೂರು ಜನ ಒಟ್ಟಿಗೆ ಆಡೋ ಗೇಮಲ್ಲಿ ಅದು ಸಾಧ್ಯನೇ ಇಲ್ಲ, ಒಂದು ಮ್ಯಾಚ್ ಅಂದ್ರೆ ಅರ್ಧ ಗಂಟೆ, ನೀವು ಎದ್ರೆ ಇನ್ನು ಮೂರು ಜನಕ್ಕೆ ಮೋಸ ಮಾಡ್ದಂಗೆ ಅನ್ಸುತ್ತೆ. ಒಂದು ಕಡೆ ಸ್ನೇಹಿತ್ರು, ಇನ್ನೊಂದು ಕಡೆ ಮನೆ, ಎಳೆದಾಟ ಆಗದೇ ಅಲ್ಲಿ.

ಹಳೇ_ದೋಟಿ
ತಮ್ಮ, ನಾನು ಮೊದ್ಲು ಬರೆದಿದ್ದು ಸ್ವಲ್ಪ ಒರಟಾಯ್ತು. ಕೇಳು. ನಿನ್ನ ಅಪ್ಪಯ್ಯ ಬೈತಿಲ್ಲ ಅಂದ್ರೆ ನಿನ್ನ ಮುಖ ನೋಡಿ ಅವ್ರಿಗೆ ಗೊತ್ತಾಗಿದೆ. ಬಿದ್ದ ಕೈ ಕೂಡುತ್ತೆ. ಈಗಿನ ಚಿಂತೆ ಬೇರೆ, ಅಡಿಕೆಗೆ ಎರಡನೇ ಮದ್ದು ಹೊಡೆಯೋ ಹೊತ್ತಲ್ವಾ? ಮೊದಲ ಸಲ ಹೊಡೆದು 40-45 ದಿನ ಆಯ್ತಾ? ಆಗಿದ್ರೆ ತಡ ಮಾಡ್ಬೇಡ, ಮಳೆ ಬಿಟ್ಟ ಹೊತ್ತು ನೋಡಿ ಮುಗ್ಸು, ಈ ಸಲ ಕೊಳೆರೋಗ ಜೋರಿದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು, ಅಪ್ಪಯ್ಯ ಕಣ್ಣಳತೇಲಿ ಮಾಡ್ತಿದ್ರೆ ನೀನು ತೂಕ ಹಾಕು. ಮರ ಹತ್ತೋ ಕೊನೆಗಾರ ಸಿಗ್ಲಿಲ್ಲ ಅಂದ್ರೆ ಹೇಳು, ನಮ್ಮ ಕಡೆಯವ ಒಬ್ಬ ಇದಾನೆ ಕಳಿಸ್ತೀನಿ.

ಕೊಡಚಾದ್ರಿ_ಬುಡ
43 ದಿನ ಆಯ್ತು ಮಾವ. ಕೊನೆಗಾರಂಗೇ ಹುಡುಕಾಟ. ನಿಮಗೆ ಮೆಸೇಜ್ ಹಾಕ್ತೀನಿ.

ತೀರ್ಥಹಳ್ಳಿ_ಅಕ್ಕ
ಬೆಳಿಗ್ಗೆಯಿಂದ ಓದ್ತಿದೀನಿ, ಈಗ ಕೈ ಬಿಡುವಾಯ್ತು. ತಮ್ಮ, ನಿನ್ನ ತಪ್ಪು ನೀನೇ ಹೇಳ್ಕಂಡೆ, ನಾನು ಮತ್ತೆ ಅದನ್ನ ಕೆದಕಲ್ಲ. ಬೇರೆ ಒಂದು ಕೇಳ್ತೀನಿ, ಇಲ್ಲಿ ಯಾರೂ ಕೇಳದೆ ಇರೋದು. ಒಂಬತ್ತರಿಂದ ಹನ್ನೊಂದು ನೀನು ಆಡ್ತಿರ್ಬೇಕಾದ್ರೆ ನಿನ್ನ ಹೆಂಡ್ತಿ ಎಂತ ಮಾಡ್ತಿರ್ತಾಳೆ? ಪಾತ್ರೆ, ನಾಳೆ ದೋಸೆಗೆ ರುಬ್ಬೋದು, ಮಾವಂಗೆ ಮಾತ್ರೆ, ಹಾಲಿಗೆ ಹೆಪ್ಪು. ಅವ್ಳಿಗೆ "ನಂದು ಅಂತ ಇರದು ಇದೊಂದೇ" ಅನ್ನಕ್ಕೆ ಎರಡು ಗಂಟೆ ಇದ್ಯಾ? ವಿಡಿಯೋ ಗೇಮ್ ಒಳ್ಳೇದಾ ಕೆಟ್ಟದಾ ಅಂತ ಗಂಡಸರು ಚರ್ಚೆ ಮಾಡ್ತಾರೆ, ಆ ಬಿಡುವು ಯಾರ ಕೈಯಿಂದ ಬಂತು ಅಂತ ಯಾರೂ ಲೆಕ್ಕ ಹಾಕಲ್ಲ.

ನಾನೂ ಆಡ್ತೀನಿ, ಗೊತ್ತಿರ್ಲಿ. ಮಗಳು ಲ್ಯಾಪ್‌ಟಾಪಿಗೆ ಸ್ಟಾರ್‌ಡ್ಯೂ ವ್ಯಾಲಿ ಹಾಕ್ಕೊಟ್ಳು, ಹೊಲ ಮಾಡೋ ಗೇಮು, 2016ರಲ್ಲಿ ಒಬ್ನೇ ಮನುಷ್ಯ ಕೂತು ಚಿತ್ರ, ಸಂಗೀತ, ಕೋಡು ಎಲ್ಲಾ ತಾನೇ ಮಾಡಿ ತಂದಿದ್ದು. ಅದ್ರಲ್ಲಿ ಒಂದು ದಿನ ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ದಿನ ಮುಗಿದ್ರೆ ಆಟದೊಳಗಿನ ನನ್ನ ರೈತ ಹುಡುಗಿ ಮಲಗ್ತಾಳೆ, ನಾನು ಮುಚ್ಚಿಡ್ತೀನಿ. ಕುಕ್ಕರ್ ಕೂಗಿದ್ರೆ ನಿಲ್ಸಿ ಎದ್ದು ಹೋಗ್ಬಹುದು. ನಿಜವಾದ ಗದ್ದೇಲಿ ನಾಟಿ ಮಾಡಿ ಬಂದವ್ಳು ಆಟದಲ್ಲೂ ಗದ್ದೆ ಮಾಡ್ತೀಯಲ್ಲ ಅಂತ ನಮ್ಮತ್ತಿಗೆ ಕೇಳಿದ್ರು. ಆ ಗದ್ದೇಲಿ ಯಾವ ಬೀಜ ಹಾಕ್ಬೇಕು ಅಂತ ನಿರ್ಧಾರ ಮಾಡದು ನಾನೊಬ್ಳೇ, ಅದಕ್ಕೇ ಆಡ್ತೀನಿ ಅಂದೆ.

ಕೊಪ್ಪದ_ಹುಡುಗಿ
ಅಕ್ಕಾ ❤️ ಇದನ್ನ ನಮ್ಮಮ್ಮಂಗೆ ಓದಿ ಹೇಳಿದೆ.

ಸಾಗರದ_ಟೀಚರ್
ಕೊನೇ ಸಾಲು ನನ್ನನ್ನ ಅಲ್ಲಾಡಿಸ್ತು.

ತೀರ್ಥಹಳ್ಳಿ_ಅಕ್ಕ
ಇನ್ನೊಂದು ಹೇಳ್ಬಿಡ್ತೀನಿ. ಹಳೇ_ದೋಟಿಯವ್ರು ಮೇಳದ ವಿಷಯ ಹೇಳಿದ್ರಲ್ಲ, ನಮ್ಮಜ್ಜಿ ಮನೇಲಿ ಚೆನ್ನೆಮಣೆಗೂ, ಗುಳಿಗಳಿಗೆ ಕಾಯಿ ಹಾಕಿ ಆಡೋ ಮರದ ಮಣೆ ಅದು, ಹಂಗೇ ಇತ್ತು. ಆಷಾಢದಲ್ಲಿ ಮಾತ್ರ ಅಟ್ಟದಿಂದ ಇಳಿಸೋದು. ಹೊರಗೆ ಕಾಲಿಡಕ್ಕಾಗದ ಮಳೆ, ನಾಟಿ ಮುಗಿದಿರುತ್ತೆ, ಅಜ್ಜಿ ದೊಡ್ಡಮ್ಮ ಎಲ್ಲ ಜಗಲೀಲಿ ಕೂತು ಆಡೋರು, ಕೆಲವೊಂದಿನ ಊಟ ಮರೆತು ಆಡೋರು. ಶ್ರಾವಣ ಹುಟ್ಟಿದ್ರೆ ಮಣೆ ವಾಪಸ್ ಅಟ್ಟಕ್ಕೆ. ನಾವು ಅತ್ರೂ ಇಳಿಸ್ತಿರ್ಲಿಲ್ಲ. ಅಜ್ಜಿಯವ್ರಿಗೂ ಆಟದ ಹುಚ್ಚು ಗೊತ್ತಿತ್ತು, ಅದಕ್ಕೇ ಅಟ್ಟ.

ಶರಾವತಿ_ಹಿನ್ನೀರು
ಫೋನಿಗೆ ಅಟ್ಟ ಇಲ್ಲ ನೋಡಿ, ಕಷ್ಟ ಇರೋದೇ ಅಲ್ಲಿ. ಅದ್ರಲ್ಲೇ ಬ್ಯಾಂಕು, ಅದ್ರಲ್ಲೇ ಅಡಿಕೆ ರೇಟು, ಅದ್ರಲ್ಲೇ ಆಟ.

ಕೊಡಚಾದ್ರಿ_ಬುಡ
ಎಲ್ರದ್ದೂ ಎರಡೆರಡು ಸಲ ಓದಿದೆ. ಅಕ್ಕಾ, ನೀವು ಕೇಳಿದ್ದು ನನ್ನ ಹೆಂಡ್ತಿ ಹತ್ರ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಹೊಲಿಗೆ ಮಷಿನ್ ತೆಗೆದು ಎಂಟು ತಿಂಗಳಾಯ್ತು" ಅಂದ್ಲು. ಮದ್ವೆಗೆ ಮುಂಚೆ ಬ್ಲೌಸ್ ಹೊಲೀತಿದ್ಲು, ನಂಗೆ ಅದು ಮರೆತೇ ಹೋಗಿತ್ತು. ಮೊನ್ನೆಯಿಂದ ರಾತ್ರಿ ಪಾತ್ರೆ ನಂದು, ರುಬ್ಬೋದು ನಂದು.

ಸ್ನೇಹಿತ್ರಿಗೂ ವಿಷಯ ಹೇಳಿದೆ. ದುಬೈಯವ ಅತ್ತೇಬಿಟ್ಟ, ಅವ್ನು ನಮ್ಮನೇಲಿ ಅಪ್ಪಯ್ಯನ ಕೈಯಿಂದ ಎಷ್ಟು ಸಲ ಕಾಫಿ ಕುಡಿದಿದಾನೋ. ಗೇಮ್ ಬಿಟ್ಟು ಬರೀ ಗ್ರೂಪ್ ಕಾಲಲ್ಲಿ ಮಾತಾಡಣ ಅಂತ ನೋಡಿದ್ವಿ. ಇಪ್ಪತ್ತು ನಿಮಿಷಕ್ಕೆ ಮಾತು ಖಾಲಿ. ಆಡ್ತಾ ಇದ್ರೆ ನಡುನಡುವೆ ಅವ್ನ ಕೆಲಸದ ಕಷ್ಟ, ಇವ್ನ ಮಗಳ ಜ್ವರ, ಎಲ್ಲಾ ತಾನಾಗೇ ಬರುತ್ತೆ, ಸುಮ್ನೆ ಮುಖ ನೋಡ್ಕಂಡು ಕೂತ್ರೆ ಬರಲ್ಲ. ಹಂಗಾಗಿ ಪೂರ್ತಿ ಬಿಡಲ್ಲ. ವಾರಕ್ಕೆ ಎರಡು ದಿನ, ಬುಧವಾರ ಶನಿವಾರ, ಒಂದೊಂದು ಗಂಟೆ, ಕೊಟ್ಟಿಗೆಗೆ ಒಂದು ಸಲ ಹೋಗಿ ನೋಡ್ಕಂಡು ಬಂದ್ಮೇಲೆ. ಹೆಡ್‌ಫೋನ್ ಒಂದೇ ಕಿವಿಗೆ. ದನ ಗಬ್ಬ ಇದ್ರೆ, ಮನೇಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಮ್ಯಾಚ್ ಶುರುನೇ ಮಾಡಲ್ಲ, ಮೂರೂ ಜನ ಒಪ್ಕಂಡ್ರು. ಅಪ್ಪಯ್ಯನ ಹತ್ರ ಹನ್ನೊಂದು ನಿಮಿಷದ ವಿಷಯ ಇನ್ನೂ ಹೇಳಿಲ್ಲ. ಹೇಳ್ತೀನಿ.

ಅಂದಂಗೆ ಅಕ್ಕಾ, ನಮ್ಮ ಅಟ್ಟದ ಮೇಲೂ ಒಂದು ಚೆನ್ನೆಮಣೆ ಇದೆ, ನಿನ್ನೆ ಹುಡುಕಿ ತೆಗೆದೆ, ಒಂದು ಮೂಲೆ ಗೆದ್ದಲು ತಿಂದಿದೆ, ಬಾಕಿ ಗಟ್ಟಿ ಇದೆ. ಅಪ್ಪಯ್ಯ ಅದನ್ನ ನೋಡಿ ನಮ್ಮ ಅಬ್ಬೆದು ಅದು ಅಂದ್ರು. ಎಡಗೈಲೂ ಆಡ್ಬಹುದಲ್ಲ. ಕಾಯಿ ಮಾತ್ರ ಇಲ್ಲ, ಮಂಜೊಟ್ಟಿ ಕಾಯಿ ಎಲ್ಲಿ ಸಿಗುತ್ತೆ ಈಗ?

ತೀರ್ಥಹಳ್ಳಿ_ಅಕ್ಕ
ಮಂಜೊಟ್ಟಿ ಹುಡುಕ್ತಾ ಕೂತ್ರೆ ಆಷಾಢ ಮುಗೀತದೆ. ಹುಣಸೆ ಬೀಜ ಆಗುತ್ತೆ, ಚೆನ್ನಾಗಿ ತೊಳ್ದು ಒಲೆ ಹತ್ರ ಒಣಗ್ಸು. 14 ಗುಳಿ, ಗುಳಿಗೆ ನಾಲ್ಕು, ಒಟ್ಟು 56. ಮೇಲೊಂದು ಐದಾರು ಇಟ್ಕ, ಆಡ್ತಾ ಕಳೀತವೆ.